ಹದಿಮೂರನೇ ಕಂತು

ಎಂಬತ್ತರ ದಶಕದ ನಡುವಿನ ಒಂದು ವರ್ಷ ನಮ್ಮ ಮನೆಗೆ ಟಿ.ವಿ. ಬಂತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಅದು ಎರಡನೆಯದು. ಮೊದಲನೆಯದು ವಕೀಲರೊಬ್ಬರ ಮನೆಯಲ್ಲಿತ್ತು, ಆದರೆ ಅವರು ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ. ನಮ್ಮಪ್ಪ ಆಗಷ್ಟೇ ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ಮನೆಗೆ ಬಂದವರಿಗೆ ಬರಬೇಡಿ ಅನ್ನುವುದು ಅವರಿಗೆ ಆಗದ ಕೆಲಸ. ಹಾಗಾಗಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಚಾಪೆ, ಜಮಖಾನ, ಹಳೆಯ ಗೋಣಿಚೀಲ ಏನು ಹಾಸಿದರೂ ಜಾಗ ಸಾಲುತ್ತಿರಲಿಲ್ಲ. ಬಿಸಿಲಿನ ಬೆಳಕು ಗಾಜಿನ ಮೇಲೆ ಬಿದ್ದರೆ ಚಿತ್ರ ಕಾಣುವುದಿಲ್ಲವೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚುತ್ತಿದ್ದೆವು. ಸೆಖೆಗೆ ಬೆವರುತ್ತ ಎಲ್ಲರೂ ಒಂದು ಕೊಲೆಯ ಕಥೆ ನೋಡುತ್ತಿದ್ದರು.

ಅದು ಹದಿಮೂರು ವಾರದ ಹಿಂದಿ ಧಾರಾವಾಹಿ. ದೊಡ್ಡ ಬಂಗಲೆಯ ಯಜಮಾನ ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಸತ್ತು ಬಿದ್ದಿರುತ್ತಾನೆ. ಮನೆಯಲ್ಲಿ ಹೆಂಡತಿ, ತಮ್ಮ, ಅಡುಗೆಯವನು, ದಿನವೂ ಬಂದು ಹೋಗುವ ಡಾಕ್ಟರು. ಕೊಂದವರು ಇವರಲ್ಲೇ ಒಬ್ಬರು. ಇಷ್ಟು ಮಾತ್ರ ಯಾರ ಸಹಾಯವೂ ಇಲ್ಲದೆ ಎಲ್ಲರಿಗೂ ತಿಳಿದಿತ್ತು. ಉಳಿದದ್ದು ತಿಳಿಯಲು ಹಿಂದಿ ಬೇಕಿತ್ತು. ನಮ್ಮ ಓಣಿಯವರಿಗೆ ಕನ್ನಡ ಬರುತ್ತಿತ್ತು, ತೆಲುಗು ಬರುತ್ತಿತ್ತು, ಹಿಂದಿ ಬರುತ್ತಿರಲಿಲ್ಲ.

ಆ ಕೊರತೆಯನ್ನು ತುಂಬುತ್ತಿದ್ದವರು ಎದುರುಮನೆಯ ಆಪಾ. ಓಣಿಯ ಹೆಂಗಸರೆಲ್ಲರ ರವಿಕೆ ಹೊಲಿಯುತ್ತಿದ್ದ, ಐವತ್ತು ದಾಟಿದ ಹೆಂಗಸು. ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡು, ಆಗಷ್ಟೇ ಊರಲ್ಲಿ ಸುರುವಾಗಿದ್ದ ಜೀನ್ಸ್ ಪ್ಯಾಂಟಿನ ಹೊಲಿಗೆಯನ್ನೂ ಹಿಡಿದಿದ್ದರು. ಮನೆಮಾತು ಉರ್ದು, ಆಪಾ ಅಂದರೆ ಅದರಲ್ಲಿ ಅಕ್ಕ. ಟಿ.ವಿ. ಪಕ್ಕದಲ್ಲಿ ಅವರಿಗೊಂದು ಕುರ್ಚಿ. ತೆರೆಯ ಮೇಲೆ ಒಬ್ಬರು ಮಾತು ಮುಗಿಸಿದ ಕೂಡಲೆ ಆಪಾ ನಮ್ಮತ್ತ ತಿರುಗಿ ಅದನ್ನು ಬಳ್ಳಾರಿ ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಬಾಯಲ್ಲಿ ಆ ಬಂಗಲೆಯ ಜನ ನಮ್ಮ ಓಣಿಯವರೇ ಆಗಿಬಿಡುತ್ತಿದ್ದರು.

ಅದೇ ಪಡಸಾಲೆಗೆ ಬರುತ್ತಿದ್ದವರಲ್ಲಿ ಇಬ್ಬರು ನಮ್ಮ ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದ ಅತ್ತೆ ಸೊಸೆ. ಸಿರುಗುಪ್ಪ ತಾಲ್ಲೂಕಿನ ರಾರಾವಿಯವರು. ಮಗ ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಮೊಮ್ಮಗಳ ಓದಿಗೆಂದು ಬಳ್ಳಾರಿಗೆ ಬಂದಿದ್ದರು. ಅತ್ತೆಯನ್ನು ನಾವು ರಾರಾವಿ ಅವ್ವ ಎಂದು ಕರೆಯುತ್ತಿದ್ದೆವು. ಸೊಸೆಗೆ ಇಪ್ಪತ್ತೆಂಟೋ ಮೂವತ್ತೋ. ನಾನು ಅಕ್ಕ ಅನ್ನುತ್ತಿದ್ದೆ. ಅವಳು ಆಪಾ ಹತ್ತಿರ ಕಾಜಾ ಹಾಕುವ, ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಟಿ.ವಿ. ನೋಡಲು ಬಂದರೂ ಅಡುಗೆಮನೆಯ ಹೊಸ್ತಿಲ ಬಳಿಯೇ ಕೂರುವಳು. ಅವ್ವ ಮುಂದೆ, ಆಪಾ ಕುರ್ಚಿಯ ಕಾಲಿನ ಹತ್ತಿರ. ಇಬ್ಬರೂ ಒಂದೇ ಮನೆಯಿಂದ ಬಂದರೂ ಜೊತೆಯಲ್ಲಿ ಬಂದದ್ದನ್ನು ನಾನು ನೋಡಿರಲಿಲ್ಲ. ಆ ಎರಡು ಕೋಣೆಗಳಲ್ಲಿ ಎರಡು ಒಲೆ ಉರಿಯುತ್ತವೆ, ಅವ್ವ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತಾಳೆ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಮಡಿ ಇರಬೇಕು ಎಂದು ನಾವು ಅಷ್ಟಕ್ಕೇ ಬಿಟ್ಟೆವು.

ನನಗೆ ಆಗ ಇಪ್ಪತ್ಮೂರು. ಒಂದು ಖಾಸಗಿ ಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತ, ಹಿಂದಿ ಟೀಚರಾಗಬೇಕೆಂದು ಪರೀಕ್ಷೆಗಳಿಗೆ ಕಟ್ಟುತ್ತಿದ್ದೆ. ಓದಲು ಬರೆಯಲು ಬರುತ್ತಿತ್ತು, ಆದರೆ ಟಿ.ವಿ.ಯವರ ಹಿಂದಿ ರೈಲಿನ ಹಾಗೆ ಓಡುತ್ತಿತ್ತು. ಮೊದಲ ನಾಲ್ಕು ವಾರ ನಾನೂ ಆಪಾ ಹೇಳಿದ್ದನ್ನೇ ಕೇಳಿದೆ. ಐದನೇ ವಾರ ಮೊದಲ ಸಲ ಏನೋ ತಪ್ಪುತ್ತಿದೆ ಅನ್ನಿಸಿತು.

ಆ ಕಂತಿನಲ್ಲಿ ಇನ್ಸ್‌ಪೆಕ್ಟರು ಒಂದು ಹಾಲಿನ ಲೋಟವನ್ನು ಕರವಸ್ತ್ರದಲ್ಲಿ ಹಿಡಿದು, ಅದರಲ್ಲಿ 'ಜಹರ್' ಇತ್ತು ಅನ್ನುತ್ತಾನೆ. ಜಹರ್ ಅಂದರೆ ವಿಷ. ಪಠ್ಯಪುಸ್ತಕದಲ್ಲೇ ಇದ್ದ ಶಬ್ದ. ಆಪಾ ನಮ್ಮತ್ತ ತಿರುಗಿ, ಆ ಲೋಟದಲ್ಲಿ ನಿದ್ದೆ ಔಷಧ ಇತ್ತಂತೆ, ಡಾಕ್ಟರು ಬರೆದುಕೊಟ್ಟದ್ದಂತೆ ಅಂದರು. ನಾನು ತಪ್ಪು ಕೇಳಿದೆನೇನೋ ಎಂದುಕೊಂಡೆ. ಮುಂದಿನ ವಾರ ಇನ್ಸ್‌ಪೆಕ್ಟರು ಹೆಂಡತಿಯನ್ನು ಕೂರಿಸಿ, ಹಾಲು ಕೊಟ್ಟವರು ಯಾರು ಎಂದು ಕೇಳಿದ. ಅವಳು ನಾನೇ ಅಂದಳು. ಆಪಾ ಅದನ್ನು ಅಡುಗೆಯವನ ತಲೆಗೆ ಕಟ್ಟಿದರು. ಏಳನೇ ವಾರದಿಂದ ನಾನು ಮಡಿಲಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಂಡು, ಕತ್ತಲಲ್ಲೇ ಗೀಚುತ್ತ, ತೆರೆಯ ಮೇಲೆ ಕೇಳಿದ್ದು ಒಂದು ಕಡೆ, ಆಪಾ ಹೇಳಿದ್ದು ಇನ್ನೊಂದು ಕಡೆ ಬರೆದುಕೊಳ್ಳತೊಡಗಿದೆ. ಎರಡು ವಾರದಲ್ಲಿ ಅವು ಎರಡು ಬೇರೆ ಕಥೆಗಳೇ ಆಗಿದ್ದವು. ತೆರೆಯ ಮೇಲೆ ಎಲ್ಲ ಬೆರಳುಗಳೂ ಹೆಂಡತಿಯ ಕಡೆ ತೋರುತ್ತಿದ್ದವು. ಆಪಾ ಹೇಳುವ ಕಥೆಯಲ್ಲಿ ಹೆಂಡತಿಯ ಮೇಲೆ ಯಾರಿಗೂ ಸಂಶಯವೇ ಇರಲಿಲ್ಲ.

ಯಾಕೆ ಹೀಗೆ ಮಾಡುತ್ತಿದ್ದಾರೆ? ಮೊದಲು ಅವರಿಗೇ ಹಿಂದಿ ಸರಿಯಾಗಿ ಬರುವುದಿಲ್ಲ, ಅದನ್ನು ಮುಚ್ಚಿಕೊಳ್ಳಲು ಕಥೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಮ್ಮನ್ನು ದಡ್ಡರೆಂದು ತಿಳಿದು ಆಟ ಆಡಿಸುತ್ತಿದ್ದಾರೆ ಅನ್ನಿಸಿ ಸಿಟ್ಟು ಬಂತು. ಒಂಬತ್ತನೇ ಕಂತು ಮುಗಿದ ಸಂಜೆ ರವಿಕೆ ಬಟ್ಟೆ ಹಿಡಿದು ಅವರ ಮನೆಗೆ ಹೋದೆ. ಕೆಲಸದವರು ಯಾರೂ ಇರಲಿಲ್ಲ. ನೋಟುಪುಸ್ತಕ ತೆಗೆದು ಮುಂದಿಟ್ಟೆ. ಆಪಾ ಅದನ್ನು ತೆರೆಯಲಿಲ್ಲ. ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದರು.

"ಬೇಟಿ, ಆ ಅವ್ವ ಬ್ಯಾರೆ ಒಲಿ ಯಾಕ ಹಚ್ಚತಾಳ, ಗೊತ್ತೈತೇನು ನಿನಗ?" ಎಂದು ಕೇಳಿದರು.

ಆಮೇಲೆ ತಾವೇ ಹೇಳಿದರು. ರಾರಾವಿಯಲ್ಲಿ ಅವ್ವನ ಮಗ ಒಂದು ದಿನ ಹೊಲಕ್ಕೆ ಎಣ್ಣೆ ಹೊಡೆದು ಬಂದಿದ್ದ. ಎಣ್ಣೆ ಅಂದರೆ ಬೆಳೆಗೆ ಹೊಡೆಯುವ ಕ್ರಿಮಿನಾಶಕ. ಸಂಜೆ ಮನೆಗೆ ಬಂದು ಹೆಂಡತಿ ಬಡಿಸಿದ್ದನ್ನು ಉಂಡ. ಉಂಡ ಮೇಲೆ ವಾಂತಿ, ಬಾಯಲ್ಲಿ ನೊರೆ. ಎತ್ತಿನ ಗಾಡಿ, ಲಾರಿ ಹಿಡಿದು ಸಿರುಗುಪ್ಪದ ಆಸ್ಪತ್ರೆಗೆ ಒಯ್ದರು, ಬೆಳಗಾಗುವುದರೊಳಗೆ ಹೋಗಿಬಿಟ್ಟ. ಡಾಕ್ಟರು ವಿಷ ಅಂದರು. ಎಣ್ಣೆಯ ವಿಷ ಮೈಗೆ ಹತ್ತಿದೆ ಎಂದು ಅವರು ಹೇಳಿದ್ದಿರಬೇಕು. ಅವ್ವನ ಕಿವಿಗೆ ಬಿದ್ದದ್ದು ವಿಷ ಎಂಬ ಒಂದು ಮಾತು. ಅನ್ನ ಬಡಿಸಿದವಳು ಸೊಸೆ. ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಜಗಳ ತೆಗೆಯಲಿಲ್ಲ. ಅಂದಿನಿಂದ ಸೊಸೆಯ ಕೈಯಿಂದ ಒಂದು ಲೋಟ ನೀರೂ ಕುಡಿದಿಲ್ಲ, ಅಷ್ಟೆ. ಇದನ್ನೆಲ್ಲ ಸೊಸೆಯೇ ಕಾಜಾ ಹಾಕುತ್ತ ಕೂತಾಗ ಒಂದು ದಿನ ಆಪಾಗೆ ಹೇಳಿಕೊಂಡು ಅತ್ತಿದ್ದಳು.

"ಈಗ ಹೇಳು," ಅಂದರು ಆಪಾ. "ಗಂಡಗ ಹಾಲಿನ್ಯಾಗ ವಿಷ ಹಾಕಿ ಕೊಟ್ಲು ಅಂತ ಆ ಮುದುಕಿ ಮುಂದ ನಾ ಹೆಂಗ ಹೇಳಲಿ? ಇನ್ನ ನಾಲ್ಕು ವಾರ. ನೀ ಸುಮ್ನಿರು."

ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟು ಬಂದೆ. ಆದರೆ ಆ ದಿನದಿಂದ ನನ್ನ ಕಣ್ಣೇ ಕೆಟ್ಟಿತು. ಅಲ್ಲಿಯವರೆಗೆ ಅಕ್ಕ ನನ್ನ ಕಣ್ಣಿಗೆ ಹಿತ್ತಲ ಕೋಣೆಯ ಒಬ್ಬ ಸಣ್ಣಗಿನ ಹೆಂಗಸು. ಈಗ ಅವಳು ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತಿದ್ದರೆ ಏನು ಯೋಚಿಸುತ್ತಿದ್ದಾಳೆ ಅನ್ನಿಸುವುದು. ಯಾಕೆ ಇಷ್ಟು ಕಡಿಮೆ ಮಾತಾಡುತ್ತಾಳೆ? ಯಾಕೆ ಹೊಸ್ತಿಲ ಹತ್ತಿರವೇ ಕೂರುತ್ತಾಳೆ? ಒಂದು ದಿನ ಅವಳು ಪುಂಡಿಪಲ್ಯ ಮಾಡಿ ನಮ್ಮ ಮನೆಗೆ ಒಂದು ಬಟ್ಟಲು ಕೊಟ್ಟು ಹೋದಳು. ಅಪ್ಪ ಅಮ್ಮ ರೊಟ್ಟಿಗೆ ಹಚ್ಚಿಕೊಂಡು ಉಂಡರು. ನಾನು ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮೊಸರನ್ನ ಉಂಡೆ. ಆ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಎರಡು ಸಲ ಹೋಗಿ ಅವರ ಉಸಿರು ನೋಡಿ ಬಂದೆ. ಯಾರಿಗೂ ಹೇಳಿಕೊಳ್ಳದ ಮಾತು ಇದು. ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು, ಒಂದೇ ವಾರದಲ್ಲಿ ಆ ಮುದುಕಿಗಿಂತ ಕಡೆಯಾಗಿದ್ದೆ.

ಹನ್ನೆರಡನೇ ಕಂತು ಮುಗಿದಾಗ ಬಂಗಲೆಯ ದೊಡ್ಡ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಇನ್ಸ್‌ಪೆಕ್ಟರು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಅಲ್ಲಿಗೆ ನಿಂತಿತು. ಆ ವಾರವಿಡೀ ಓಣಿಯಲ್ಲಿ ಅದೇ ಮಾತು. ಕಿರಾಣಿ ಅಂಗಡಿಯವನು ತಮ್ಮನೇ ಅನ್ನುತ್ತಿದ್ದ. ಅಪ್ಪನಿಗೆ ಡಾಕ್ಟರ ಮೇಲೆ ಗುಮಾನಿ. ಅಮ್ಮ ಅಡುಗೆಯವನ ಮುಖವೇ ಸರಿಯಿಲ್ಲ ಅಂದಳು. ಹೆಂಡತಿ ಎಂದು ಒಬ್ಬರೂ ಹೇಳಲಿಲ್ಲ, ಆಪಾ ಅಷ್ಟು ಚೆನ್ನಾಗಿ ಅವಳನ್ನು ಮರೆಮಾಡಿದ್ದರು. ಅವ್ವ ಮಾತ್ರ ಯಾರ ಹೆಸರನ್ನೂ ಹೇಳಲಿಲ್ಲ. ನೀರು ಸೇದಲು ಬಂದಾಗ ನನ್ನನ್ನು ನಿಲ್ಲಿಸಿ, ನೀನು ಪುಸ್ತಕದಲ್ಲಿ ಏನು ಬರೆಯುತ್ತೀ ಎಂದು ಕೇಳಿದಳು. ಪರೀಕ್ಷೆಗೆ ಶಬ್ದ ಬರೆದುಕೊಳ್ಳುತ್ತೇನೆ ಅಂದೆ. ಅವ್ವ ನನ್ನ ಮುಖ ನೋಡಿ, ಕೊಡ ಎತ್ತಿಕೊಂಡು ಹೋದಳು.

ಹದಿಮೂರನೇ ಭಾನುವಾರ ಕಿಟಕಿಯ ಸರಳು ಹಿಡಿದು ಹೊರಗೆ ನಿಂತವರೂ ಇದ್ದರು. ಬೆಳಕು ಬರದಿರಲೆಂದು ಅವರ ಬೆನ್ನ ಹಿಂದೆ ಕಂಬಳಿ ಕಟ್ಟಿದ್ದೆವು. ಅಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ ಬಂದು ಬೆವರೊರೆಸಿಕೊಳ್ಳುತ್ತ ಕೂತರು. ಅಕ್ಕ ಎಂದಿನ ಜಾಗದಲ್ಲಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು.

ಇನ್ಸ್‌ಪೆಕ್ಟರು ಒಬ್ಬೊಬ್ಬರ ಮುಂದೆ ನಿಂತು ನಿಧಾನವಾಗಿ ಮಾತಾಡುತ್ತ ಬಂದ. ಡಾಕ್ಟರನ್ನು ದಾಟಿದ, ಅಡುಗೆಯವನನ್ನು ದಾಟಿದ. ತಮ್ಮನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಹೆಂಡತಿಯ ಮುಂದೆ ಬಂದು, ಒಂದು ಚಿಕ್ಕ ಸೀಸೆಯನ್ನು ಮೇಜಿನ ಮೇಲೆ ಇಟ್ಟ. ಅವಳು ಅದನ್ನು ನೋಡಿದಳು. ಮೊದಲು ಅಳಲಿಲ್ಲ, ನಕ್ಕಳು. ಆಮೇಲೆ ಹೇಳುತ್ತ ಹೋದಳು. ಆ ನಾಲ್ಕು ನಿಮಿಷದಲ್ಲಿ ಜಹರ್ ಎಂಬ ಮಾತು ಎಷ್ಟು ಸಲ ಬಂತೋ. ಆಪಾ ಸೆರಗಿನಿಂದ ಮುಖ ಒರೆಸಿಕೊಂಡರು. ತಮ್ಮನೇ ಕೊಂದನಂತೆ, ಆಸ್ತಿಗಾಗಿ ಕೊಂದನಂತೆ, ಅದನ್ನು ಈ ಬಡಪಾಯಿ ಹೇಳುತ್ತಿದ್ದಾಳೆ ಅಂದರು.

ಅಷ್ಟರಲ್ಲಿ ತೆರೆಯ ಮೇಲೆ ಇಬ್ಬರು ಮಹಿಳಾ ಪೊಲೀಸರು ಬಂದು ಹೆಂಡತಿಯ ಕೈಗೆ ಬೇಡಿ ಹಾಕಿದರು. ತಮ್ಮ ಕೂತಲ್ಲೇ ಕೂತಿದ್ದ.

"ಮತ್ತ ಬೇಡಿ ಆಕಿಗ್ಯಾಕ ಹಾಕಿದ್ರು?" ಅಂದಳು ಅವ್ವ.

ಆಪಾ, ಮೈದುನನನ್ನು ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಾಳೆ ಅಂದರು. ಕಿಟಕಿಯ ಹತ್ತಿರ ಯಾರೋ ನಕ್ಕರು. ಅವ್ವ ನಗಲಿಲ್ಲ. ಕೂತಲ್ಲಿಂದಲೇ ನನ್ನ ಕಡೆ ತಿರುಗಿದಳು.

"ಟೀಚರಮ್ಮ, ನೀ ಓದಿದಾಕಿ. ಆಪಾ ಹೇಳಿದ್ದು ಖರೇನ ಐತೇನು?"

ಎಲ್ಲರೂ ನನ್ನನ್ನು ನೋಡಿದರು. ಆಗ ನಾನು ಸತ್ಯ ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದ ಅಂತ ಹೇಳಿಕೊಳ್ಳಲಾರೆ. ಏಳು ವಾರದಿಂದ ನನಗೂ ಹಿಂದಿ ಬರುತ್ತದೆ ಎಂದು ಓಣಿಗೆ ತೋರಿಸಿಕೊಳ್ಳಲಾಗದೆ ಒಳಗೊಳಗೇ ಕುದಿಯುತ್ತಿದ್ದೆ. ಅದೂ ಇತ್ತು. ಅಕ್ಕ ಏನು ಮಾಡಿಯಾಳು ನೋಡೋಣ ಎಂಬ ಕೆಟ್ಟ ಕುತೂಹಲವೂ ಇತ್ತು.

"ಇಲ್ಲವ್ವಾ," ಅಂದೆ. "ಹೆಂಡ್ತೀನ ಗಂಡನ್ನ ಕೊಂದಾಳ. ಹಾಲಿನ್ಯಾಗ ವಿಷ ಹಾಕಿ."

ಅಪ್ಪ ಎದ್ದು ಟಿ.ವಿ.ಯ ದನಿ ತಗ್ಗಿಸಿದರು. ಅವ್ವ ತಲೆಯಾಡಿಸಿದಳು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ನನಗ ಗೊತ್ತಿತ್ತು," ಅಂದಳು. "ಸಿರುಗುಪ್ಪ ದವಾಖಾನ್ಯಾಗ ಕಂಪೌಂಡರ್ ಜಹರ್ ಜಹರ್ ಅಂತಿದ್ದ. ಹಂಗಂದ್ರೇನು ಅಂತ ಬಾಜೂ ಮಂಚದಾಕಿನ್ನ ಕೇಳಿದ್ದೆ. ಆ ಮಾತು ನಾ ಮರೀತೀನೇನು?" ಆಮೇಲೆ ಆಪಾ ಕಡೆ ನೋಡಿದಳು. "ಎಂಟು ವಾರ ನೀ ಮುಚ್ಚಿಟ್ಟಿ. ಈಕಿ ನಿನ್ನ ಹಂತ್ಯಾಕ ಕೆಲಸ ಮಾಡಾಕಿ. ಏನೂ ಇಲ್ಲಂದ್ರ ಯಾಕ ಮುಚ್ಚಬೇಕಿತ್ತು?"

ಆಪಾ ಸೊಸೆಯನ್ನು ಕಾಪಾಡಲೆಂದು ಹೇಳಿದ ಒಂದೊಂದು ಸುಳ್ಳನ್ನೂ ಅವ್ವ ಆರಿಸಿ ತೆಗೆದಿಟ್ಟುಕೊಂಡಿದ್ದಾಳೆಂದು ನನಗೆ ಆಗ ತಿಳಿಯಿತು. ವಿಷಯ ಗೊತ್ತಿಲ್ಲದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಹೊಸ್ತಿಲ ಬಳಿ ಅಕ್ಕ ಎದ್ದು ನಿಂತಳು. ಮಗಳ ಕೈ ಹಿಡಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳೋದಿದ್ರ ನನ್ನ ಕೇಳಬೇಕಿತ್ತು ಅತ್ತಿ. ಮೂರು ವರ್ಷ ಆತು. ಒಂದಿನ ಕೇಳಲಿಲ್ಲ ನೀವು."

ಅಷ್ಟು ಹೇಳಿ ಹಿತ್ತಲ ಬಾಗಿಲಿನಿಂದ ಹೋದಳು. ಜನ ಒಬ್ಬೊಬ್ಬರಾಗಿ ಕರಗಿದರು. ಆಪಾ ನನ್ನ ಮುಂದೆಯೇ ಹಾದುಹೋದರೂ ನನ್ನ ಕಡೆ ನೋಡಲಿಲ್ಲ.

ಅಮ್ಮ ಆ ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾನು ಹಾಸಿಗೆಯ ಮೇಲೆ ಕೂತು ನೋಟುಪುಸ್ತಕ ಮುಂದಿಟ್ಟುಕೊಂಡು ಯೋಚಿಸಿದೆ. ಯೋಚಿಸಿದಷ್ಟೂ ನಾನು ಒಬ್ಬ ಹೆಂಗಸನ್ನು ಹತ್ತು ಜನರ ನಡುವೆ ನಿಲ್ಲಿಸಿ ಬಂದಂತೆ ಕಂಡಿತು. ಮರುದಿನ ಬೆಳಿಗ್ಗೆ ಸಾಲೆಗೆ ಹೊರಟಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಗ ತೀರಿಕೊಂಡಾಗ ಸಿರುಗುಪ್ಪದಲ್ಲಿದ್ದ ಡಾಕ್ಟರು ಈಗ ಕುರುಗೋಡಿಗೆ ವರ್ಗವಾಗಿ ಬಂದಿದ್ದಾರಂತೆ, ಅವರನ್ನು ಕೇಳಬೇಕು, ತನಗೆ ಮಾತು ಬರುವುದಿಲ್ಲ, ನೀನು ಬಾ ಅಂದಳು. ಸೊಸೆಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ ಅಂದಳು.

ಶನಿವಾರ ಬೆಳಗಿನ ಸಾಲೆ ಮುಗಿಸಿಕೊಂಡು ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು. ಗುಡ್ಡದ ಬುಡದಲ್ಲಿ ಇಳಿದು, ಕೇಳುತ್ತ ಕೇಳುತ್ತ ಆಸ್ಪತ್ರೆಗೆ ಹೋದೆವು. ಡಾಕ್ಟರು ನಡುವಯಸ್ಸಿನವರು, ಊಟಕ್ಕೆ ಏಳುವ ಹೊತ್ತು. ನಾನು ವಿಷಯ ಹೇಳಿದೆ. ಅವರಿಗೆ ಆ ಹುಡುಗನ ನೆನಪೇ ಇರಲಿಲ್ಲ. ಎಣ್ಣೆ ಹೊಡೆಯುವ ದಿನಗಳಲ್ಲಿ ಸಿರುಗುಪ್ಪಕ್ಕೆ ಅಂಥವರು ಎಷ್ಟೋ ಮಂದಿ ಬರುತ್ತಿದ್ದರು, ಕೆಲವರು ಉಳಿದರು, ಕೆಲವರು ಇಲ್ಲ, ಮುಖ ನೆನಪಿಲ್ಲ ಅಂದರು. ಅವ್ವ ಕದಲದೆ ನಿಂತೇ ಇದ್ದಳು. ಡಾಕ್ಟರು ಮತ್ತೆ ಕುರ್ಚಿಯಲ್ಲಿ ಕೂತು ತಾವೇ ಕೇಳತೊಡಗಿದರು.

ಎಣ್ಣೆ ಹೊಡೆದು ಬಂದು ಮೈ ತೊಳೆದುಕೊಂಡನೇ? ಇಲ್ಲ, ಹಸಿವು ಅಂದ. ಅಂಗಿ ಬದಲಿಸಿದನೇ? ಇಲ್ಲ. ಬೆನ್ನಿಗೆ ಕಟ್ಟಿಕೊಂಡು ಎಣ್ಣೆ ಹೊಡೆಯುವ ಪಂಪು ಸೋರುತ್ತಿತ್ತೇ? ಅವ್ವ ಉತ್ತರಿಸಲು ಹೊತ್ತು ತೆಗೆದುಕೊಂಡಳು. ಬೆನ್ನು ಒದ್ದೆಯಾಗಿತ್ತು ಅಂದಳು. ಉಣ್ಣುವುದಕ್ಕೆ ಮುಂಚೆ ತಲೆನೋವು ಅಂದನೇ? ಅಂದಿದ್ದ. ಕಣ್ಣು ಮಂಜು ಅಂದಿದ್ದ. ದೀಪ ಹಚ್ಚಿ ಅಂದಿದ್ದ, ದೀಪ ಉರಿಯುತ್ತಲೇ ಇತ್ತು.

"ಆ ಹೊತ್ತು ಏನು ಉಂಡ?"

"ರೊಟ್ಟಿ, ಪಲ್ಯ. ಕಡೀಗೆ ಮಜ್ಜಗಿ."

"ಅದನ್ನ ಮತ್ಯಾರು ಉಂಡ್ರಿ?"

ಅವ್ವ ನೆಲ ನೋಡಿದಳು. "ನಾನೂ ಉಂಡೆ ಸಾಹೇಬ್ರ. ಅವ ಅರ್ಧ ಬಿಟ್ಟ ಮಜ್ಜಗಿ ನಾನ ಕುಡದೆ."

"ಮತ್ತ ನಿಮಗೇನೂ ಆಗಲಿಲ್ಲಲ್ಲವ್ವಾ," ಅಂದರು ಡಾಕ್ಟರು. ಮೆತ್ತಗೇ ಅಂದರು. ಉಣ್ಣುವ ಮೊದಲೇ ವಿಷ ಚರ್ಮದಿಂದ ಒಳಗೆ ಇಳಿದಿತ್ತು, ಅದು ಊಟದ್ದಲ್ಲ ಎಂದು ಎರಡು ಸಲ ಬಿಡಿಸಿ ಹೇಳಿದರು.

ತಿರುಗಿ ಬರುವ ಬಸ್ಸು ತುಂಬಿತ್ತು. ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು. ಆ ದಿನ ಮಗ ಮಧ್ಯಾಹ್ನವೇ ಒಮ್ಮೆ ಮನೆಗೆ ಬಂದು, ಪಂಪು ಸೋರುತ್ತಿದೆ, ಉಳಿದದ್ದು ನಾಳೆ ಹೊಡೆಯುತ್ತೇನೆ ಅಂದಿದ್ದನಂತೆ. ಸೊಸೆಯೂ ಬೇಡ ಅಂದಿದ್ದಳಂತೆ. ಪಂಪು ಬೇರೆಯವರದು, ನಾಳೆ ಸಿಗುವುದಿಲ್ಲ.

"ಇವತ್ತ ಮುಗಿಸಿ ಬಾ ಅಂತ ನಾನ ಕಳಿಸಿದೆ," ಅಂದಳು.

ನಾನು ಅವಳ ಕೈಯನ್ನು ಹಿಡಿದುಕೊಂಡೆ. ಬಳ್ಳಾರಿ ಬರುವವರೆಗೆ ಅವಳು ಅದನ್ನು ಬಿಡಿಸಿಕೊಳ್ಳಲೂ ಇಲ್ಲ, ಒತ್ತಲೂ ಇಲ್ಲ. ಮೂರು ವರ್ಷ ಮುದುಕಿ ಸೊಸೆಯ ಮೇಲೆ ಇಟ್ಟ ಸಂಶಯ ಯಾವುದನ್ನು ನೋಡದಿರಲು ಹಿಡಿದ ಮರೆಯೆಂದು ನನಗೆ ಆಗ ಸ್ವಲ್ಪ ಸ್ವಲ್ಪವಾಗಿ ಅರ್ಥವಾಯಿತು.

ಆ ಸಂಜೆಯೇ, ನಮ್ಮ ಹಿತ್ತಲಲ್ಲಿ, ಅಮ್ಮನ ಎದುರಿಗೇ ಅವ್ವ ಸೊಸೆಗೆ ಹೇಳಿದಳು. ಡಾಕ್ಟರನ್ನು ಕೇಳಿ ಬಂದೆ, ನಿನ್ನದೇನೂ ಇಲ್ಲ ಅಂದಳು. ಬಟ್ಟೆ ಒಗೆಯುತ್ತಿದ್ದ ಅಕ್ಕ ಕೈ ನಿಲ್ಲಿಸಲಿಲ್ಲ.

"ಡಾಕ್ಟರ್ ಹೇಳಿದ ಮ್ಯಾಲ ನಂಬಿದ್ರಿ," ಅಂದಳು.

ಎಲ್ಲ ಅಲ್ಲಿಗೆ ಸರಿಹೋಯಿತು ಎಂದು ಬರೆಯಲು ಆಸೆಯಿದೆ. ಆದರೆ ಹಾಗೆ ಆಗಲಿಲ್ಲ. ಅವ್ವ ಅಂದಿನಿಂದ ತನ್ನ ಒಲೆ ಹಚ್ಚಲಿಲ್ಲ, ಸೊಸೆ ಬಡಿಸಿದ್ದನ್ನು ಉಂಡಳು. ಸೊಸೆ ಬಡಿಸಿ ಎದ್ದುಹೋಗುತ್ತಿದ್ದಳು, ಮಾತಿರಲಿಲ್ಲ. ಬೇಸಿಗೆ ಪೂರ್ತಿ ಹಾಗೇ ಕಳೆಯಿತು. ಮಳೆಗಾಲದಲ್ಲಿ ಮಗುವಿಗೆ ವಿಷಮಶೀತ ಜ್ವರ ಬಂದು ಹದಿನೈದು ದಿನ ಇಬ್ಬರೂ ಸರದಿಯ ಮೇಲೆ ಎದ್ದು ಕೂರಬೇಕಾಯಿತು. ಆಗ ಸುರುವಾದ ಮಾತು ಔಷಧ ಕೊಟ್ಟೆಯಾ, ಗಂಜಿ ಕುಡಿಯಿತಾ ಎಂಬಲ್ಲಿಂದ ಮೆಲ್ಲಗೆ ಮುಂದೆ ಹೋಯಿತು.

ಆಪಾ ಹತ್ತಿರ ನಾನು ಕ್ಷಮೆ ಕೇಳಲು ಹೋದಾಗ ಅವರು ಅಳತೆ ಟೇಪು ಹಿಡಿದು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದರು. ನೀ ಹೇಳಿದ್ದು ಸರಿ ಇತ್ತು, ನಾ ಹೇಳಿದ್ದೂ ಕೆಟ್ಟದ್ದಕ್ಕಲ್ಲ ಅಂದರು. ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ನಾನೇ ಆಗಾಗ ಹೋಗಿ ಕೂತು ಬರುತ್ತಿದ್ದೆ. ಅಕ್ಕನ ಹತ್ತಿರವೂ ಒಂದು ಮಾತು ಹೇಳಬೇಕಿತ್ತು, ಉಣ್ಣದೆ ಬಿಟ್ಟ ಆ ಪಲ್ಯದ ಮಾತು. ಹೇಳಲು ಎರಡು ಸಲ ಹೋದೆ. ಎರಡು ಸಲವೂ ಮಗುವಿನ ಪಾಠದ ವಿಷಯ ಮಾತಾಡಿ ಬಂದೆ.

ಎರಡು ವರ್ಷದ ನಂತರ ಅಕ್ಕ ಸ್ವಂತಕ್ಕೆ ಒಂದು ಹೊಲಿಗೆ ಯಂತ್ರ ಕೊಂಡು, ಕೌಲ್ ಬಜಾರಿನ ಕಡೆ ಬೇರೆ ಮನೆ ಹಿಡಿದಳು. ಸಾಮಾನು ಹೇರಲು ಕುದುರೆಗಾಡಿ ತರಿಸಿದ್ದರು. ರಾರಾವಿಗೆ ಹೋಗುತ್ತೀರಾ ಎಂದು ಅಮ್ಮ ಕೇಳಿದ್ದಕ್ಕೆ ಅವ್ವ, ಈಕಿ ಒಬ್ಬಾಕಿ ಹೆಂಗ ಇರತಾಳ ಅಂದಳು. ಗಾಡಿಯವನು ಯಂತ್ರವನ್ನು ಪಾತ್ರೆಗಳ ಮೇಲೆ ಇಡಲು ಹೋದಾಗ ಅವನನ್ನು ಬೈದು, ತಾನೇ ಗಾಡಿ ಹತ್ತಿ ಕೂತು, ಅದನ್ನು ತೊಡೆಯ ಮೇಲೆ ಇಡಿಸಿಕೊಂಡಳು. ಭಾರವಾಗಿತ್ತು, ಅವಳ ಕಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅಕ್ಕ ಗಾಡಿಯ ಇನ್ನೊಂದು ಬದಿಗೆ ಹತ್ತಿ ಯಂತ್ರದ ತಳಕ್ಕೆ ತನ್ನ ಕೈ ಕೊಟ್ಟಳು. ಗಾಡಿ ಓಣಿಯ ತಿರುವು ದಾಟಿತು.